ಐತ್ವಾರದ ಮುಯ್ಯಿ

ನಿಂಬರ್ಗಾದ ಹೀರಾಬಾಯಿಗೆ ಕುಂತಲ್ಲೇ ನಿದ್ದೆ ಬರುತ್ತಿತ್ತು. ಬಸ್ಸು ಊರ ಅಗಸಿ ಬಾಗಿಲು ದಾಟುವುದರೊಳಗೆ ಕಿಟಕಿಯ ಕಂಬಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದಳು. ಒಂದು ಮದುವೆಯಲ್ಲಿ ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದುಕೊಂಡೇ ತೂಕಡಿಸಿ, ತಾಳಿ ಕಟ್ಟಿದ್ದು ಗೊತ್ತಾಗದೆ, ಮಂದಿ ಊಟಕ್ಕೆ ಏಳುವಾಗ ಗಡಬಡಿಸಿ ಕಾಳು ಎಸೆದಿದ್ದಳು ಎಂದು ಊರಿನವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಗಲಿ, ನಗುವವರಿಗೇನು ಹೋಗುತ್ತದೆ. ಅವಳ ಒಂದು ವಾರವನ್ನು ಅವರ ತಲೆಯ ಮೇಲೆ ಹೊರಿಸಿದ್ದರೆ ಬುಧವಾರಕ್ಕೇ ಹಾಸಿಗೆ ಹಿಡಿಯುತ್ತಿದ್ದರು.

ಹೀರಾಬಾಯಿ ಊರಿನ ಅಂಗನವಾಡಿ ಅಕ್ಕೋರು. ಸೋಮವಾರದಿಂದ ಶನಿವಾರದವರೆಗೆ ಕೂಸುಗಳನ್ನು ತೂಗಬೇಕು, ಬಸುರಿ ಬಾಣಂತಿಯರಿಗೆ ಬಡಿಸಬೇಕು, ಬರದವರ ಮನೆಗೆ ಹೋಗಿ ಕರೆಯಬೇಕು. ಮಾಡಿದ್ದನ್ನೆಲ್ಲ ಮೊಬೈಲಿನಲ್ಲಿ ಏರಿಸಬೇಕು. ಸಿಗ್ನಲ್ ಸಿಗದಿದ್ದರೆ ಶಾಲೆಯ ಮಾಳಿಗೆ ಹತ್ತಿ, ಕೈ ಮೇಲೆತ್ತಿ, ಅಲ್ಲಿಂದ ಏರಿಸಬೇಕು. ಸರ್ಕಾರಕ್ಕೆ ಊರಿನ ಬಗ್ಗೆ ಏನೇ ತಿಳಿಯಬೇಕೆನಿಸಿದರೂ, ದನ ಎಷ್ಟು, ಕಕ್ಕಸು ಎಷ್ಟು, ವೋಟು ಎಷ್ಟು, ಮೊದಲು ನೆನಪಾಗುವುದು ಅಂಗನವಾಡಿ ಅಕ್ಕೋರು. ಇಷ್ಟೆಲ್ಲ ಆದ ಮೇಲೆ ಅವಳಿಗೆ ಉಳಿಯುವುದು ಐತ್ವಾರ ಒಂದೇ. ಆ ಐತ್ವಾರವೂ ಅವಳದಲ್ಲ, ಅದು ಮುಯ್ಯಿಯದು.

ಮುಯ್ಯಿ ಅಂದರೆ ಇಷ್ಟೇ. ಇವತ್ತು ನೀವೆಲ್ಲ ನನ್ನ ಹೊಲಕ್ಕೆ ಕಸ, ಅಂದರೆ ಕಳೆ, ತೆಗೆಯಲು ಬನ್ನಿ, ನಾಳೆಯಿಂದ ನಿಮ್ಮ ನಿಮ್ಮ ಹೊಲಕ್ಕೆ ನಾನು ಬರುತ್ತೇನೆ. ಪಗಾರದ ಮಾತಿಲ್ಲ, ಆಳಿಗೆ ಆಳು. ಹೀರಾಬಾಯಿಯ ಎರಡು ಎಕರೆ ತೊಗರಿಗೆ ಓಣಿಯ ಹೆಂಗಸರೆಲ್ಲ ಒಂದೇ ದಿನ ಇಳಿದು ಕಸ ತೆಗೆದು ಹೋಗುತ್ತಿದ್ದರು. ಆಮೇಲೆ ಅವಳು ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಐತ್ವಾರ ಹೋಗಿ ತೀರಿಸಬೇಕಿತ್ತು. ಎಲ್ಲರದೂ ತೀರುವುದರೊಳಗೆ ಅವಳ ಹೊಲದಲ್ಲಿ ಮತ್ತೆ ಕಸ ನಿಂತಿರುತ್ತಿತ್ತು. ಹೀಗೆ ಅವಳ ಹರೆಯ ಹೊಲದ ಸಾಲುಗಳಲ್ಲಿ ಕುಕ್ಕರುಗಾಲಿನಲ್ಲೇ ಕಳೆಯಿತು.

ಗಂಡ ಇರಲಿಲ್ಲವೇ ಅಂದರೆ, ಇದ್ದ. ಮಾಳಿಂಗ ಹದಿನೇಳು ವರ್ಷ ಮಿಲಿಟರಿಯಲ್ಲಿ ಲಾರಿ ಹೊಡೆದವನು. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ, ಕರಿ ಟ್ರಂಕು ಇಳಿಸುತ್ತಿದ್ದ, ಮಗಳು ಸೀಮಾ ಅವನ ಮುಖ ಗುರುತು ಹಿಡಿಯುವುದರೊಳಗೆ ಹೊರಟುಹೋಗುತ್ತಿದ್ದ. ಅವನ ತಂದೆಗೆ ಪಾರ್ಶ್ವವಾಯು ಹೊಡೆದು ಮಲಗಿದಾಗ ಮುದುಕನನ್ನು ಎತ್ತಿ ಕೂರಿಸಿದವಳೂ, ಸತ್ತಾಗ ಜನ ಕೂಡಿಸಿದವಳೂ ಹೀರಾಬಾಯಿಯೇ. ಈಗ ಸೀಮಾ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮಾಳಿಂಗ ಹವಾಲ್ದಾರನಾಗಿ ರಿಟೈರ್ ಆಗಿ ಬಂದು, ಆಳಂದದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾನೆ. ನೇಗಿಲು, ಔಷಧಿ ಹೊಡೆಯುವುದು ಅವನದು. ಕಸ ತೆಗೆಯುವುದು ಹೆಂಗಸರ ಕೆಲಸ, ಅದನ್ನು ಅವನು ಮುಟ್ಟಿದವನಲ್ಲ. ಐತ್ವಾರ ಹೆಂಡತಿ ಖುರ್ಪಿ ಹಿಡಿದು ಹೊರಟರೆ, ಇವನು ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿ ಲಡಾಖಿನ ಹಿಮದ ರಸ್ತೆಯ ಕಥೆ ಹೇಳುತ್ತಿದ್ದ. ಕೆಟ್ಟವನಲ್ಲ. ನೋಡದೆ ಇದ್ದವನು, ಅಷ್ಟೇ.

ಹೀರಾಬಾಯಿಗೆ ಒಂದು ಆಸೆ ಇತ್ತು. ಅಂಗನವಾಡಿಯವರ ಮೇಲೆ ಒಬ್ಬ ಮೇಲ್ವಿಚಾರಕಿ ಇರುತ್ತಾಳಲ್ಲ, ಆ ಹುದ್ದೆ ಬೇಕಿತ್ತು. ದೊಡ್ಡಸ್ತಿಕೆಗಲ್ಲ. ಆ ಪಗಾರ ಬಂದರೆ ಹೊಲಕ್ಕೆ ಕೂಲಿಯಾಳು ಹಚ್ಚಬಹುದು. ಆಳು ಹಚ್ಚಿದರೆ ಮುಯ್ಯಿ ತಪ್ಪುತ್ತದೆ, ಮುಯ್ಯಿ ತಪ್ಪಿದರೆ ಐತ್ವಾರ ಉಳಿಯುತ್ತದೆ, ಉಳಿದ ಐತ್ವಾರ ಬಾಗಿಲು ಮುಂದೆ ಮಾಡಿಕೊಂಡು ಮಧ್ಯಾಹ್ನದವರೆಗೆ ಮಲಗಬಹುದು. ಬೇರೆಯವರು ಬಂಗಾರ ಬೇಡುವಂತೆ ಇವಳು ನಿದ್ದೆ ಬೇಡಿದಳು. ಆದರೆ ಆ ಹುದ್ದೆಗೆ ಡಿಗ್ರಿ ಬೇಕು, ನಲವತ್ತೈದು ತುಂಬುವುದರೊಳಗೆ ಅರ್ಜಿ ಹಾಕಬೇಕು. ಇವಳು ಓದಿದ್ದು ಪಿಯುಸಿ.

ಮುಕ್ತ ವಿಶ್ವವಿದ್ಯಾಲಯವೊಂದು ಮಿಲಿಟರಿಯಲ್ಲಿದ್ದವರಿಗೆ ಅಲ್ಲಿಯ ತರಬೇತಿಯನ್ನೇ ಓದು ಎಂದು ಹಿಡಿದು ಡಿಗ್ರಿಗೆ ಕ್ರೆಡಿಟ್ ಕೊಡುತ್ತದೆ, ಬೇರೆ ಕೆಲಸ ಮಾಡಿದವರ ಅನುಭವವನ್ನೂ ನೋಡುತ್ತದೆ ಎಂಬ ಸುದ್ದಿ ತಂದವನು ಮಾಳಿಂಗನೇ. ರಿಟೈರ್ ಆದ ವರ್ಷ ಗಂಡ ಹೆಂಡತಿ ಇಬ್ಬರೂ ಅಫಜಲಪುರಕ್ಕೆ ಹೋದರು. ಅಲ್ಲಿಯ ಅಧ್ಯಯನ ಕೇಂದ್ರ ನೋಡಿಕೊಳ್ಳುತ್ತಿದ್ದವರು ಶರಫುದ್ದೀನ ಸರ್ ಅಂತ, ಕಾಲೇಜಿನಲ್ಲಿ ಪಾಠ ಹೇಳುವವರು, ಸಾವಧಾನದ ಮನುಷ್ಯ. ಮಾಳಿಂಗನ ಕಾಗದಗಳನ್ನು ತಿರುವಿ ನೋಡಿ, ನಿಮ್ಮದು ಹೆಚ್ಚುಕಡಿಮೆ ಆಗಿಯೇ ಹೋಗಿದೆ, ನಾಲ್ಕಾರು ಪೇಪರ್ ಬರೆದರೆ ಮುಗಿಯಿತು ಎಂದರು. ಹೀರಾಬಾಯಿಯದನ್ನು ನೋಡಿ, ಸೇರುವಾಗ ಪಡೆದ ಒಂದಿಷ್ಟು ತರಬೇತಿಗೆ ಎರಡು ಪೇಪರ್ ಬಿಡಬಹುದು, ಉಳಿದದ್ದೆಲ್ಲ ಓದಿಯೇ ಬರೆಯಬೇಕು ಎಂದರು.

ಹೀರಾಬಾಯಿ ತಲೆಯಾಡಿಸಿದಳು. ಅವಳಿಗೆ ಜೀವನದಲ್ಲಿ ಯಾವುದೂ ಸುಮ್ಮನೆ ಬಂದಿರಲಿಲ್ಲ, ಇದು ಬರುತ್ತದೆಂದೂ ಅಂದುಕೊಂಡಿರಲಿಲ್ಲ. ಮಾಳಿಂಗ ಮಾತ್ರ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

"ಸರ್, ನಂದು ಹದಿನೇಳು ವರ್ಷ ಅದರಿ. ಅದರಾಗ ಅರ್ಧ ಅಕಿ ಹೆಸರಿಗೆ ಬರ್ಕೋರಿ."

ಶರಫುದ್ದೀನ ಸರ್ ಚೇಷ್ಟೆ ಎಂದುಕೊಂಡು ನಕ್ಕರು. ಮಾಳಿಂಗ ನಗಲಿಲ್ಲ. ಅವನಿಗೆ ಕ್ರೆಡಿಟ್ ಎಂಬುದು ಮುಯ್ಯಿಯ ಹಾಗೆಯೇ ಕಂಡಿತ್ತು, ಮಾಡಿದ ಕೆಲಸವನ್ನು ಎದುರಿನವರು ನೆನಪಿಟ್ಟು ತಿರುಗಿಸುವುದು. ಮುಯ್ಯಿ ಎಂದಮೇಲೆ ಅದು ಮನೆಯದು, ಒಬ್ಬ ಆಳಿನದಲ್ಲ. ಅಪ್ಪ ಮಾಡಬೇಕಾದ ಮುಯ್ಯಿಗೆ ಮಗ ಹೋಗುತ್ತಾನೆ, ಅಣ್ಣನದಕ್ಕೆ ತಮ್ಮ ಹೋಗುತ್ತಾನೆ, ಯಾರೂ ಬೇಡ ಅನ್ನುವುದಿಲ್ಲ. ಇದನ್ನೇ ಅವನು ಸರ್‌ಗೆ ಬಿಡಿಸಿ ಹೇಳಿದ. ಅಕಿ ಇಲ್ಲಿ ಹೊಲ, ನಮ್ಮಪ್ಪನ್ನ, ಕೂಸನ್ನ ನೋಡಿಕೊಳ್ಳದಿದ್ದರೆ ನಾನು ಅಲ್ಲಿ ಹೇಗೆ ಗಾಡಿ ಹೊಡೆಯುತ್ತಿದ್ದೆ, ನಡುವಲ್ಲೇ ಬಿಟ್ಟು ಬರುತ್ತಿರಲಿಲ್ಲವೇ ಎಂದು ಕೇಳಿದ. ಹಿಂದೆ ಪಾಳಿಯಲ್ಲಿ ನಿಂತಿದ್ದ ಹುಡುಗಿಯರು ಬಾಯಿಗೆ ಓಢಣಿ ಅಡ್ಡ ಹಿಡಿದರು.

ಸರ್ ಕನ್ನಡಕ ತೆಗೆದಿಟ್ಟರು. "ನೀವು ಹೇಳೂದು ಖರೇನ ಅದರಿ. ಖರೇ ಇದ್ದದ್ದಕ್ಕೆಲ್ಲ ಕ್ರೆಡಿಟ್ ಕೊಡಾಕ ಬರೂದಿಲ್ಲ. ಮಿಲಿಟರಿದಾಗ ಕಲಿಸೂದಕ್ಕ ತಾಸು ಅದ, ಪರೀಕ್ಷಾ ಅದ, ಗ್ರೇಡ್ ಅದ. ಬಾಯಾರು ಮಾಡಿದ ಕೆಲಸಕ್ಕ ಯಾರೂ ಪರೀಕ್ಷಾನೇ ಇಟ್ಟಿಲ್ಲಲ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಹೀರಾಬಾಯಿ ಗಂಡನನ್ನು ಬೈದಳು. ನಾಲ್ಕು ಮಂದಿಯಲ್ಲಿ ಮರ್ಯಾದೆ ತೆಗೆದಿರಿ, ಡಿಗ್ರಿ ಏನು ಜೋಳದ ಚೀಲವೇ ಅರ್ಧ ಸುರಿದು ಕೊಡಲಿಕ್ಕೆ ಎಂದಳು. ಬೈದು ಮುಗಿದ ಮೇಲೆ ಅವಳಿಗೆ ಅವನ ಮಾತು ಮತ್ತೆ ನೆನಪಾಯಿತು. ಅರ್ಧ ಅವಳದು ಎಂದು ಈ ಮನುಷ್ಯನ ಮನಸ್ಸಿನಲ್ಲಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದು ಸಲವೂ ಬಾಯಿಬಿಟ್ಟು ಹೇಳದವನು ಹೋಗಿ ಹೋಗಿ ಶರಫುದ್ದೀನ ಸರ್ ಮುಂದೆ ಹೇಳಿದ್ದ. ಆವತ್ತು ಊರು ಬರುವವರೆಗೆ ಅವಳು ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ.

ಮಾಳಿಂಗ ತನ್ನ ಪೇಪರ್‌ಗಳನ್ನು ಒಂದೇ ಸಲಕ್ಕೆ ಬರೆದು ಡಿಗ್ರಿ ತೆಗೆದುಕೊಂಡ. ಬ್ಯಾಂಕಿನ ಬಾಗಿಲಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ, ಕರಿ ಟ್ರಂಕಿನಲ್ಲಿ ಇಟ್ಟುಬಿಟ್ಟ. ಹೀರಾಬಾಯಿ ರೊಟ್ಟಿ ಬಡಿಯುತ್ತ ಓದಿದಳು, ಒಲೆ ಊದುತ್ತ ಓದಿದಳು, ಅಂಗನವಾಡಿಯಲ್ಲಿ ಕೂಸುಗಳು ಮಲಗಿದ ಹೊತ್ತಿನಲ್ಲಿ ಓದಲು ಕುಳಿತು ಕೂಸುಗಳಿಗಿಂತ ಮೊದಲು ತಾನೇ ಮಲಗಿದಳು. ಕ್ಲಾಸು ಇದ್ದ ಐತ್ವಾರ ಅಫಜಲಪುರಕ್ಕೆ ಹೋಗುತ್ತಿದ್ದಳು. ಆ ಐತ್ವಾರದ ಮುಯ್ಯಿ ಮುಂದಿನ ಐತ್ವಾರದ ಮೇಲೆ ಬೀಳುತ್ತಿತ್ತು. ಹಾಗೂ ಹೀಗೂ ಎಲ್ಲ ಪೇಪರ್ ದಾಟಿದಳು, ಇಂಗ್ಲಿಷ್ ಒಂದು ಉಳಿಯಿತು.

ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಪೇಪರ್ ಕಠಿಣ ಇತ್ತು ಎಂದು ಮನೆಯಲ್ಲಿ ಹೇಳಿದ್ದಳು. ಮಾಳಿಂಗ ಒಂದು ದಿನ ಹೊಸ ಹಾಲ್‌ಟಿಕೆಟ್ ತರಲು ಅಫಜಲಪುರಕ್ಕೆ ಹೋದಾಗ ಶರಫುದ್ದೀನ ಸರ್ ಕಾಳಜಿಯಿಂದಲೇ ಒಂದು ಮಾತು ಹೇಳಿದರು. ಈ ಸಲವಾದರೂ ಬಾಯಾರಿಗೆ ಹಿಂದಿನ ದಿನ ವಿಶ್ರಾಂತಿ ಕೊಡಿ, ಹೋದ ಸಲ ಪಾಪ ಪೇಪರ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರಂತೆ, ಪರೀಕ್ಷಾ ಕೋಣೆಯವರು ಬಂದು ಎಬ್ಬಿಸಿದಾಗ ಅರ್ಧ ಹೊತ್ತು ಹೋಗಿತ್ತಂತೆ ಎಂದರು.

ಮಾಳಿಂಗ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳಿದ. "ಪೇಪರ್ ಕಠಿಣ ಇತ್ತಂದಿ. ಮಲಗಿದ್ದಿಯಂತಲ್ಲಬೇ?"

ಹೀರಾಬಾಯಿ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಫ್ಯಾನು ಇತ್ರಿ ಅಲ್ಲಿ. ಕುಂದರಾಕ ಬೆಂಚು ಇತ್ತು. ಯಾರೂ ಕರೀತಿದ್ದಿಲ್ಲ. ಎರಡು ನಿಮಿಷ ಅಂತ ತಲಿ ಇಟ್ಟೆ." ಹಿಟ್ಟು ಮಗುಚಿ ಹಾಕಿ ಮತ್ತೆ ಹೇಳಿದಳು. "ನನಗ ಭಾಳ ಸಾಕಾಗ್ಯಾದರಿ."

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಹೊರಬಂದದ್ದು ಇದೇ ಮೊದಲು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ, ಉಪ್ಪು ತೀರಿದೆ ಎಂದು ಹೇಳುವಂತೆ ಹೇಳಿದಳು. ಮಾಳಿಂಗನಿಗೆ ಅದೇ ತಡೆಯಲಾಗಲಿಲ್ಲ. ಚಪ್ಪಲಿಯಲ್ಲೇ ಹೊರಗೆ ಹೋಗಿ ಅಂಗಳದ ಕಟ್ಟೆಯ ಮೇಲೆ ಕುಳಿತ.

ಪರೀಕ್ಷೆ ಜೇವರ್ಗಿಯಲ್ಲಿ, ಐತ್ವಾರದ ದಿನ. ಇನ್ನೊಂದು ಸಲ ಬರೆಯುವುದರೊಳಗೆ ಅವಳಿಗೆ ನಲವತ್ತೈದು ತುಂಬುತ್ತಿತ್ತು. ಆದ್ದರಿಂದ ಇದೇ ಕಡೆಯದು. ಅದೇ ಐತ್ವಾರ ನಿಂಬೆವ್ವನ ಹೊಲದ ಮುಯ್ಯಿ. ನಿಂಬೆವ್ವ ಆ ಹೆಂಗಸರ ಗುಂಪಿಗೆ ಹಿರಿಯಳು, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮಾಡಿಕೊಂಡವಳು. ಹೀರಾಬಾಯಿ ಆಗಲೇ ಎರಡು ಸಲ ಅವಳ ಮುಯ್ಯಿ ಮುಂದೂಡಿದ್ದಳು. ಮಳೆ ಬಿಟ್ಟುಬಿಟ್ಟು ಹೊಡೆದು ಕಸ ತೊಗರಿಯ ಮೇಲೆ ಏರಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಹಂಗಾಮಿನಲ್ಲಿ ಕೂಲಿಗೆ ಕರೆದರೂ ಆಳು ಸಿಗುತ್ತಿರಲಿಲ್ಲ. ಮೂರನೇ ಸಲವೂ ತಪ್ಪಿಸಿದರೆ ಗುಂಪಿನವರು ಅವಳನ್ನು ಕೈಬಿಡುತ್ತಿದ್ದರು. ಕೈಬಿಟ್ಟರೆ ಮುಂದಿನ ಸಲ ಅವಳ ಎರಡು ಎಕರೆಗೆ ಇಳಿಯುವವರು ಯಾರೂ ಇಲ್ಲ. ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನದ ಮೇಲೆ ಬಂದು ಆದಷ್ಟು ಮಾಡುತ್ತೇನೆ ಎಂದು ಹೀರಾಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಜೇವರ್ಗಿಯ ಬಸ್ಸು ತಿರುಗಿ ಬರುವುದೇ ದೀಪ ಹಚ್ಚುವ ಹೊತ್ತಿಗೆ ಎಂದು ಅವಳಿಗೂ ಗೊತ್ತಿತ್ತು.

ಶನಿವಾರ ಸಂಜೆ ಮಾಳಿಂಗ ಹೆಂಡತಿಯನ್ನು ಕರೆದುಕೊಂಡು ನಿಂಬೆವ್ವನ ಮನೆಗೆ ಹೋದ. ನಾಳೆ ಇವಳ ಬದಲು ನಾನು ಬರುತ್ತೇನೆ ಎಂದ. ಒಳಗೆ ಕುಳಿತಿದ್ದ ಹೆಂಗಸರು ಗೊಳ್ಳೆಂದರು. ಹೀರಾಬಾಯಿ ನೆಲ ನೋಡುತ್ತ ನಿಂತಳು, ಅವಳಿಗೆ ಅಫಜಲಪುರದ ಮೇಜು ನೆನಪಾಗಿ ಮತ್ತೆ ನಾಚಿಕೆಯಾಯಿತು.

ನಿಂಬೆವ್ವ ಬಾಯಿಯ ತಂಬಾಕು ಉಗುಳಿ ಬಂದು ಕುಳಿತಳು. "ಹೆಣ್ಣಾಳಿನ ಮುಯ್ಯಿಗೆ ಗಂಡಸು ಬಂದದ್ದು ನಾ ಅಂತೂ ನೋಡಿಲ್ಲಪಾ."

"ಮುಯ್ಯಿ ಮನಿದು ಹೌದಲ್ಲೋ ಯಕ್ಕಾ?" ಎಂದ ಮಾಳಿಂಗ.

"ಹೌದು."

"ನಾ ಆ ಮನ್ಯಾವ ಹೌದಲ್ಲೋ?"

ನಿಂಬೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದಂತ ಕೇಳೀವಿ. ಹದಿನೇಳು ವರ್ಷ ನೋಡಿದ್ದಿಲ್ಲ." ಮತ್ತೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವಳು ಬಾ ಅಂದಳು. ಖುರ್ಪಿ ಮನೆಯದೇ ತರಬೇಕು, ಬುತ್ತಿ ನನ್ನದು ಎಂದಳು. ಹೀರಾಬಾಯಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ರಾತ್ರಿ ಪುಸ್ತಕ ಮುಟ್ಟದೆ ಮಲಗಿದಳು.

ಐತ್ವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿದಳು. ನಿಂಬೆವ್ವನ ಹೊಲ ರಸ್ತೆಯ ಮಗ್ಗುಲಿಗೇ ಇತ್ತು. ಕೆಂಪು, ಹಸಿರು ಸೀರೆಗಳ ಸಾಲು ಆಗಲೇ ಹೊಲದ ನಡುವೆ ಸೇರಿತ್ತು. ಅವರಿಂದ ಬಹಳ ಹಿಂದೆ, ಬದುವಿನ ಹತ್ತಿರವೇ, ತಲೆಗೆ ಟವೆಲು ಸುತ್ತಿದ ಬನಿಯನ್ನಿನ ಮನುಷ್ಯನೊಬ್ಬ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕೈ ನಡುವಿಗೆ ಕೊಟ್ಟುಕೊಂಡು, ಕೈಯಲ್ಲಿದ್ದ ಗಿಡವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಕಸವೋ ತೊಗರಿಯೋ ಎಂದು ಅನುಮಾನ ಇರಬೇಕು. ಹೀರಾಬಾಯಿಗೆ ಮೊದಲು ನಗು ಬಂತು. ಆಮೇಲೆ ಕಣ್ಣು ತುಂಬಿ ಸಾಲು ಕಾಣಲಿಲ್ಲ. ಪಕ್ಕದವಳು ಏನಾಯಿತು ಎಂದು ಕೇಳಿದ್ದಕ್ಕೆ ಗಾಳಿ ಎಂದಳು.

ಜೇವರ್ಗಿಯಲ್ಲಿ ಅವಳ ನಂಬರಿನ ಬೆಂಚು ಈ ಸಲವೂ ಫ್ಯಾನಿನ ಕೆಳಗೇ ಬಂದಿತ್ತು. ತೊಡೆ ಚಿವುಟಿಕೊಂಡು, ನೀರು ಕುಡಿದು, ಎದ್ದು ನಿಂತು ಕುಳಿತು, ಮಲಗದೆ ಬರೆದಳು. ಕಡೆಯ ಪ್ರಶ್ನೆ ರಜೆ ಕೇಳಿ ಅರ್ಜಿ ಬರೆಯಿರಿ ಎಂದು. ಜ್ವರ ಬಂದಿದೆ ಎಂಬ ಅರ್ಜಿಯನ್ನು ಬಾಯಿಪಾಠ ಮಾಡಿ ಬಂದಿದ್ದಳು, ಜ್ವರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದೇ ಆ ಹೊತ್ತಿಗೆ ಮರೆತುಹೋಯಿತು. ಕೊನೆಗೆ ಗೊತ್ತಿದ್ದ ಮಾತುಗಳಲ್ಲೇ ಬರೆದಳು. ನಾನು ದಣಿದಿದ್ದೇನೆ. ನನಗೆ ಒಂದು ಭಾನುವಾರ ಬೇಕು. ದಯವಿಟ್ಟು ಕೊಡಿ. ಕೆಳಗೆ ಸಹಿ ಮಾಡಿ, ಪೇಪರ್ ಕೊಟ್ಟು ಹೊರಗೆ ಬಂದಳು. ತಿರುಗಿ ಬರುವ ಬಸ್ಸಿನಲ್ಲಿ ಸತ್ತವಳ ಹಾಗೆ ನಿದ್ದೆ ಮಾಡಿದಳು, ನಿಂಬರ್ಗಾ ಬಂದಾಗ ಕಂಡಕ್ಟರನೇ ಎಬ್ಬಿಸಿ ಇಳಿಸಿದ.

ಮನೆಯಲ್ಲಿ ಮಾಳಿಂಗ ಬೋರಲು ಮಲಗಿದ್ದ. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು, ಸೊಂಟ ಎತ್ತಲಾಗುತ್ತಿರಲಿಲ್ಲ. ಹೊಸ್ತಿಲ ಹತ್ತಿರ ನಿಂಬೆವ್ವ ಕುಳಿತಿದ್ದಳು, ಇವಳಿಗಾಗಿಯೇ ಕಾಯುತ್ತಿದ್ದಳು.

"ಅಕ್ಕೋರ, ಬರದ್ರೇನು?"

"ಬರದ್ನಿ ಯಕ್ಕಾ."

"ಛಲೋ ಆತು. ನಿನ್ನ ಗಂಡಂದು ಅರ್ಧಾಳು ಹಿಡದೇವಿ ನೋಡವಾ. ಪಾಪ, ಹೊತ್ತು ಮುಣುಗೂತನಾ ಮಾಡ್ಯಾನ, ಇಲ್ಲನ್ನಂಗಿಲ್ಲ. ಆದ್ರ ನಾವು ಮೂರು ಸಾಲು ಹಿಡಿಯೂದ್ರಾಗ ಅಂವ ಒಂದು ಹಿಡಿತಾನ. ಅದರಾಗೂ ಕಸಕ್ಕಿಂತ ತೊಗರಿ ಹೆಚ್ಚ ಕಿತ್ಯಾನ. ಉಳದ ಅರ್ಧ ನೀ ಬಂದು ತೀರಿಸಿಬಿಡು."

ಬೇರೆ ದಿನವಾಗಿದ್ದರೆ ಹೀರಾಬಾಯಿ ಅತ್ತುಬಿಡುತ್ತಿದ್ದಳು. ಇನ್ನೂ ಅರ್ಧ ಉಳಿದಿತ್ತಲ್ಲ, ಇನ್ನೊಂದು ಐತ್ವಾರ ಹೋಯಿತಲ್ಲ. ಆದರೆ ಶರಫುದ್ದೀನ ಸರ್ ಹೇಳಿದ್ದ ಮಾತು ನೆನಪಾಯಿತು. ಈ ಕೆಲಸಕ್ಕೆ ಯಾರೂ ಪರೀಕ್ಷೆಯೇ ಇಟ್ಟಿಲ್ಲ ಎಂದಿದ್ದರು. ಇಟ್ಟಿದ್ದರು, ಹದಿನೇಳು ವರ್ಷ ನೌಕರಿ ಮಾಡಿದ ಹವಾಲ್ದಾರ ಈಗಷ್ಟೇ ಅದನ್ನು ಬರೆದು ಬೋರಲು ಬಿದ್ದಿದ್ದ. ಅವಳಿಗೆ ನಗು ಬಂತು, ತಡೆಯಲಾಗದೆ ಅಲ್ಲೇ ಹೊಸ್ತಿಲ ಮೇಲೆ ಕುಳಿತು ನಕ್ಕಳು. ನಿಂಬೆವ್ವನೂ ನಕ್ಕಳು. ಬೋರಲು ಮಲಗಿದವನು ಮಾತ್ರ ನಗಲಿಲ್ಲ. ಮುಖ ಎತ್ತದೆಯೇ, ನೀ ಪ್ರತಿ ಐತ್ವಾರ ಹೊಲದಾಗ ಹಿಂಗೇ ಕುಕ್ಕರುಗಾಲಿಲೆ ಕುಂದರ್ತಿದ್ದೇನಬೇ ಎಂದು ಕೇಳಿದ. ಹೀರಾಬಾಯಿ ಹೌದ್ರಿ ಎಂದಳು.

ಮುಂದಿನ ಐತ್ವಾರ ಇಬ್ಬರೂ ಹೋದರು. ಇಷ್ಟು ವರ್ಷ ಇದು ತನಗೆ ತಿಳಿಯದೇ ಇದ್ದುದಕ್ಕೆ ಆ ಅರ್ಧವೂ ತಾನೇ ತೀರಿಸುತ್ತೇನೆ ಎಂದು ಮಾಳಿಂಗ ಹಟ ಹಿಡಿದಿದ್ದ. ನೀವು ತೀರಿಸಲು ಹೋದರೆ ಇನ್ನೊಂದು ಅರ್ಧ ಉಳಿಯುತ್ತದೆ ಎಂದು ಹೀರಾಬಾಯಿ ಜೊತೆಗೆ ಬಂದಳು. ಎಲೆ ಹೇಗೆ ಗುರುತು ಹಿಡಿಯಬೇಕು, ಬೇರು ಮಣ್ಣಲ್ಲೇ ಉಳಿಯದಂತೆ ಖುರ್ಪಿ ಎಲ್ಲಿ ಊರಬೇಕು, ಮೊಣಕಾಲಿಗೆ ನೋವಾಗದಂತೆ ಭಾರ ಯಾವ ಕಾಲಿಗೆ ಹಾಕಬೇಕು ಎಂದು ತೋರಿಸಿದಳು. ಅವನು ಕಲಿತದ್ದು ಸ್ವಲ್ಪ, ಕಿತ್ತ ತೊಗರಿ ಆ ದಿನವೂ ಸ್ವಲ್ಪ. ಗುಡಿಯ ಕಟ್ಟೆಯಲ್ಲಿ ಆಮೇಲೆ ಲಡಾಖಿನ ಕಥೆ ಕಡಿಮೆಯಾಯಿತು.

ಇಂಗ್ಲಿಷು ದಾಟಿತು, ಅಂಚಿಗೆ ಕಾಲಿಟ್ಟ ಹಾಗೆ ದಾಟಿತು, ಆದರೆ ದಾಟಿತು. ನಲವತ್ತೈದು ತುಂಬುವುದರೊಳಗೆ ಅರ್ಜಿಯೂ ಹೋಯಿತು. ಹುದ್ದೆ ಯಾವಾಗ ತುಂಬುತ್ತಾರೋ ಗೊತ್ತಿಲ್ಲ, ಕಾಯಬೇಕು. ಹೀರಾಬಾಯಿಗೆ ಇನ್ನೂ ಐತ್ವಾರ ಸಿಕ್ಕಿಲ್ಲ. ಡಿಗ್ರಿ ಸರ್ಟಿಫಿಕೇಟ್ ತರಲು ಗಂಡ ಹೆಂಡತಿ ಅಫಜಲಪುರಕ್ಕೆ ಹೋಗಿ ಬರುವಾಗ ಬಸ್ಸು ಹೊರಡುವುದಕ್ಕೂ ಮೊದಲೇ ಅವಳು ಕಿಟಕಿಗೆ ತಲೆ ಆನಿಸಿದ್ದಳು. ಬಸ್ಸು ಕುಣಿಯಲ್ಲಿ ಇಳಿದಾಗ ತಲೆ ಕಂಬಿಗೆ ಬಡಿಯಿತು. ಮಾಳಿಂಗ ಬೊಬ್ಬೆ ಒಣಗಿದ ಅಂಗೈಯನ್ನು ಕಂಬಿಗೂ ಅವಳ ತಲೆಗೂ ನಡುವೆ ಇಟ್ಟ. ಎದುರು ಕುಳಿತ ಹಿರಿಯರೊಬ್ಬರು ಅವನ ತೊಡೆಯ ಮೇಲಿನ ಲಕೋಟೆ ನೋಡಿ, ಮಿಲಿಟರಿಯವರಿಗೆ ಪುಕ್ಕಟೆ ಡಿಗ್ರಿ ಕೊಡುತ್ತಾರಂತಲ್ಲ, ಇದು ನಿಮ್ಮದೋ ಎಂದು ಕೇಳಿದರು.

ಮಾಳಿಂಗ ಅವಳಿಗೆ ಎಚ್ಚರಾಗದಂತೆ ಸಣ್ಣ ದನಿಯಲ್ಲಿ ಹೇಳಿದ. "ಇಲ್ರಿ, ಇದು ಅಕಿದು. ಇದರಾಗ ನಂದು ಅರ್ಧಾಳು ಅದ, ಅಷ್ಟ."